ಹಳೆಯ ಮರದ ಯಾಟ್‌ಗೆ ಫೈಬರ್ ಹೊದಿಸಿಬಿಡಬಾರದೇ?

ಹಳೆಯ ಮರದ ಮೋಟಾರ್ ಯಾಟ್‌ಗಳನ್ನು, ಅಂದರೆ ಎಂಜಿನ್ನಿನಿಂದ ಓಡುವ ವಿಹಾರ ನೌಕೆಗಳನ್ನು, ದುರಸ್ತಿ ಮಾಡಿ ಮತ್ತೆ ನೀರಿಗಿಳಿಸುವ ಕೆಲಸ ನನ್ನದೆಂದು ತಿಳಿದವರು, ಅವರು ದೋಣಿಯ ಮಾಲೀಕರಾಗಿರಲಿ, ಕುತೂಹಲದಿಂದ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುವವರಾಗಿರಲಿ, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಒಂದೊಂದೇ ಹಲಗೆ ಬಿಚ್ಚಿ, ಒಂದೊಂದೇ ಸ್ಕ್ರೂ ಕಿತ್ತು ವರ್ಷಗಟ್ಟಲೆ ಒದ್ದಾಡುವ ಬದಲು ಹೊರಗಿನಿಂದ ಫೈಬರ್, ಅಂದರೆ ರಾಳದಲ್ಲಿ ನೆನೆಸಿದ ಗಾಜಿನ ನಾರಿನ ಬಟ್ಟೆ, ಹೊದಿಸಿಬಿಟ್ಟರೆ ಸೋರುವುದು ನಿಲ್ಲುವುದಿಲ್ಲವೇ?" ನಿಲ್ಲುತ್ತದೆ. ಕೆಲವು ವರ್ಷಗಳ ಮಟ್ಟಿಗೆ ಖಂಡಿತ ನಿಲ್ಲುತ್ತದೆ. ಆದರೂ ಹಲಗೆ ಜೋಡಿಸಿ ಕಟ್ಟಿದ ಒಡಲಿಗೆ ಹಾಗೆ ಮಾಡಬೇಡಿ ಎಂದೇ ನಾನು ಹೇಳುತ್ತಾ ಬಂದಿದ್ದೇನೆ. ನಿಂತು ಮಾತನಾಡುವ ಎರಡು ನಿಮಿಷದಲ್ಲಿ ಅದರ ಕಾರಣವನ್ನು ಪೂರ್ತಿ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಂಥ ಒಡಲನ್ನು ಹೇಗೆ ಕಟ್ಟಿರುತ್ತಾರೆ ಎಂಬುದನ್ನು ನೋಡಬೇಕು. ತಳದಲ್ಲಿ ಉದ್ದಕ್ಕೂ ಬೆನ್ನುಮೂಳೆಯಂತೆ ಕೀಲ್. ಅದರಿಂದ ಎರಡೂ ಬದಿಗೆ ಮೇಲೇಳುವ ಓಕ್ ಮರದ ಪಕ್ಕೆಲುಬುಗಳು. ಆ ಪಕ್ಕೆಲುಬುಗಳ ಮೇಲೆ ಒಂದರ ಅಂಚಿಗೆ ಇನ್ನೊಂದು ತಾಗುವಂತೆ ಕೂರಿಸಿದ ಮಹಾಗನಿಯದೋ ತೇಗದ್ದೋ ಪೈನ್‌ನದೋ ಹಲಗೆಗಳು. ಹಲಗೆ ಹಲಗೆಗಳ ನಡುವೆ ಅಂಟು ಇರುವುದಿಲ್ಲ. ಸಂದು ಒಳಗಡೆ ಬಿಗಿಯಾಗಿ, ಹೊರಗಡೆ ತುಸು ಬಾಯಿ ತೆರೆದಂತೆ ಇರುತ್ತದೆ. ಆ ಬಾಯಿಗೆ ಹತ್ತಿಯ ಎಳೆಯನ್ನು ತುರುಕಿ, ಬಣ್ಣ ಹಚ್ಚಿ, ಮೇಲೆ ಪುಟ್ಟಿ ತುಂಬುತ್ತಾರೆ. ದೋಣಿ ನೀರಿಗಿಳಿದಾಗ ಹಲಗೆಗಳು ನೀರು ಕುಡಿದು ಅಗಲವಾಗಿ ಹತ್ತಿಯನ್ನು ಹಿಂಡಿ ಹಿಡಿಯುತ್ತವೆ. ನೀರನ್ನು ಹೊರಗೆ ತಡೆಯುವುದು ಹತ್ತಿಯೊಂದೇ ಅಲ್ಲ, ಪುಟ್ಟಿಯೊಂದೇ ಅಲ್ಲ. ಅವನ್ನು ಹಿಂಡಿ ಹಿಡಿಯುವ, ಉಬ್ಬಿದ ಮರದ ಒತ್ತಡ.

ಈ ಉಬ್ಬುವಿಕೆ ಎಷ್ಟೆಂಬುದನ್ನು ಲೆಕ್ಕ ಹಾಕಿ ತೋರಿಸಿದರೆ ನಂಬದವರೂ ನಂಬುತ್ತಾರೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅಗಲಕ್ಕೆ ಚೆನ್ನಾಗಿಯೇ ಹಿಗ್ಗುತ್ತದೆ. ಮಹಾಗನಿ ಬಹಳ ಸ್ಥಿರವಾದ ಮರವೆಂದು ಹೆಸರಾದದ್ದು. ಆದರೂ ಅದರ ಹಸಿಮರ ಪೂರ್ತಿ ಒಣಗುವಷ್ಟರಲ್ಲಿ, ವರ್ಷವರ್ತುಲಗಳ ಗುಂಟ ಸುಮಾರು ಶೇಕಡಾ 5ರಷ್ಟು ಕುಗ್ಗುತ್ತದೆ. ಶೆಡ್ಡಿನಲ್ಲಿ ಶೇಕಡಾ 12ರ ತೇವದಲ್ಲಿದ್ದ 150 ಮಿಲಿಮೀಟರ್ ಅಗಲದ ಹಲಗೆ ನೀರಿನಲ್ಲಿ ಶೇಕಡಾ 24ಕ್ಕೆ ಏರಿದರೆ 3 ಮಿಲಿಮೀಟರ್‌ಗೂ ತುಸು ಹೆಚ್ಚು ಅಗಲವಾಗುತ್ತದೆ. ಕೀಲ್‌ನಿಂದ ನೀರಿನ ಮಟ್ಟದವರೆಗೆ ಅಂಥ ಹತ್ತು ಹಲಗೆಗಳಿದ್ದರೆ ಒಟ್ಟು 30 ಮಿಲಿಮೀಟರ್ ಆಯಿತು. ಸಂದುಗಳಿದ್ದರೆ ಈ ಹಿಗ್ಗನ್ನು ಅವು ಹಂಚಿಕೊಳ್ಳುತ್ತವೆ. ಅದರ ಮೇಲೆ ಗಟ್ಟಿಯಾದ ಚಿಪ್ಪನ್ನು ಅಂಟಿಸಿದರೆ ಮೂರರಲ್ಲಿ ಒಂದು ಆಗಲೇಬೇಕು: ಚಿಪ್ಪು ಸೀಳಬೇಕು, ಇಲ್ಲವೇ ಮರದಿಂದ ಕಿತ್ತು ಬರಬೇಕು, ಇಲ್ಲವೇ ಹಲಗೆಗಳು ಒಂದನ್ನೊಂದು ಒತ್ತಿ ಒಳಗಿನ ಪಕ್ಕೆಲುಬುಗಳನ್ನೂ ಸ್ಕ್ರೂಗಳನ್ನೂ ಮುರಿಯಬೇಕು. ಫೈಬರಿಗೆ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರಾಳವಂತೂ ಹಳೆಯ, ಬಣ್ಣ ಎಣ್ಣೆ ಕುಡಿದ ಮರಕ್ಕೆ ಗಟ್ಟಿಯಾಗಿ ಅಂಟುವುದೂ ಇಲ್ಲ.

ಹೊರಗಿನಿಂದ ನೀರು ಬಾರದಿದ್ದರೆ ಹಲಗೆ ಉಬ್ಬುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ನೀರು ಒಳಗಿನಿಂದ ಬರುತ್ತದೆ. ಪ್ರೊಪೆಲ್ಲರ್ ದಂಡ ಒಡಲಿನಿಂದ ಹೊರಹೋಗುವ ಕಡೆ ದಂಡದ ಸುತ್ತ ತುರುಕಿದ ಹುರಿಯ ಹಳೆಯ ಬಗೆಯ ಪ್ಯಾಕಿಂಗ್ ಬಿಸಿಯಾಗದಿರಲು ನಿಮಿಷಕ್ಕೆ ಕೆಲವು ಹನಿ ಒಸರುತ್ತಲೇ ಇರಬೇಕು. ಡೆಕ್ಕಿನ ಸಂದಿನಿಂದ, ಕಿಟಕಿಯ ಚೌಕಟ್ಟಿನಿಂದ ಮಳೆನೀರು ಇಳಿಯುತ್ತದೆ. ರಾತ್ರಿಯ ತಂಪಿಗೆ ಒಳಮೈಯಲ್ಲಿ ಬೆವರು ಕಟ್ಟುತ್ತದೆ. ಇವುಗಳಲ್ಲಿ ಮಳೆನೀರೇ ಅತಿ ಕೆಟ್ಟದ್ದು. ಮರವನ್ನು ಕೊಳೆಸಿ ಲಡ್ಡು ಮಾಡುವ ಶಿಲೀಂಧ್ರಗಳಿಗೆ ಉಪ್ಪುನೀರು ಹಿತವಲ್ಲ, ಸಿಹಿನೀರು ಬಲು ಹಿತ; ಆ ಕಾರಣಕ್ಕಾಗಿಯೇ ಹಿಂದಿನ ಹಡಗುಕಟ್ಟುವವರು ಪಕ್ಕೆಲುಬುಗಳ ನಡುವೆ ಉಪ್ಪನ್ನು ತುಂಬುತ್ತಿದ್ದರು. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಲಡ್ಡು ಹಬ್ಬುವುದಿಲ್ಲ. 30ರ ಆಸುಪಾಸಿಗೆ ಏರಿ, ಸ್ವಲ್ಪ ಗಾಳಿಯೂ ಬೆಚ್ಚನೆಯೂ ಸಿಕ್ಕಿತೆಂದರೆ ಹಬ್ಬತೊಡಗುತ್ತದೆ. ಮೇಲಿನಿಂದ ಇಳಿದ ನೀರು ಹಲಗೆಗೂ ಫೈಬರಿಗೂ ನಡುವೆ ಸೇರಿದರೆ ಅದಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು 12 ಮೀಟರ್ ಉದ್ದದ ಮಹಾಗನಿ ಯಾಟ್‌ನಲ್ಲಿ. ಹಿಂದಿನ ಮಾಲೀಕರೊಬ್ಬರು ಅದಕ್ಕೆ ಫೈಬರ್ ಹೊದಿಸಿದ್ದರು. ಹೊರಮೈ ಕನ್ನಡಿಯಂತೆ ನುಣುಪಾಗಿತ್ತು, ಒಂದು ಸಂದಿನ ಗೆರೆಯೂ ಕಾಣುತ್ತಿರಲಿಲ್ಲ. ಸುತ್ತಿಗೆಯ ಹಿಡಿಯಿಂದ ಮೈಯುದ್ದಕ್ಕೂ ತಟ್ಟುತ್ತಾ ಹೋದೆ. ಚೆನ್ನಾಗಿರುವ ಕಡೆ ಟಣ್ ಎನ್ನುವ ಸದ್ದು ಕೀಲ್‌ನ ಹತ್ತಿರಕ್ಕೆ ಬಂದಂತೆ ಮಂದವಾಯಿತು. ಫೈಬರಿನ ಅಂಗೈಯಗಲದ ಚೌಕವೊಂದನ್ನು ಕೊಯ್ದು ಎತ್ತಿದಾಗ, ದೋಣಿ ನೀರಿನಿಂದ ಮೇಲೆ ಬಂದು ಏಳು ವಾರವಾಗಿದ್ದರೂ, ಕೊಯ್ದ ಅಂಚಿನಿಂದ ಕಂದು ನೀರು ನೂಲಿನಂತೆ ಇಳಿಯಿತು. ಕೆಳಗಿನ ಹಲಗೆ ಚಿಕ್ಕ ಚಿಕ್ಕ ಘನಗಳಾಗಿ ಬಿರುಕು ಬಿಟ್ಟಿತ್ತು. ಬೆರಳಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಕುಸಿಯುತ್ತಿತ್ತು. ಅದನ್ನು ಹಿಡಿದಿದ್ದ ಓಕ್ ಪಕ್ಕೆಲುಬಿನ ಬುಡವೂ ಹಾಗೆಯೇ ಆಗಿತ್ತು. ಸೋರುತ್ತಿದ್ದ ದೋಣಿಯಾಗಿದ್ದರೆ ಎರಡು ಹಲಗೆಗಳಲ್ಲಿ ಮುಗಿಯಬಹುದಾಗಿದ್ದ ಕೆಲಸ ಒಂಬತ್ತು ಹಲಗೆಗಳಿಗೂ ಹದಿನಾಲ್ಕು ಪಕ್ಕೆಲುಬುಗಳಿಗೂ ಬೆಳೆಯಿತು. ಸೋರುವ ಸಂದು ತೊಂದರೆಯನ್ನು ತೋರಿಸುತ್ತದೆ. ಹೊದಿಕೆ ಆ ತೋರಿಸುವುದನ್ನೇ ನಿಲ್ಲಿಸುತ್ತದೆ.

ಸ್ಕ್ರೂಗಳ ವಿಷಯದಲ್ಲೂ ಹೀಗೆಯೇ. ಹಲಗೆಯನ್ನು ಪಕ್ಕೆಲುಬಿಗೆ ಹಿಡಿದಿರುವ ಸಾವಿರಾರು ಸ್ಕ್ರೂಗಳ ತಲೆಯ ಮೇಲೆ ಮರದ ಬಿರಡೆ ಕೂತಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಅಲ್ಲಲ್ಲಿ ಬಿರಡೆ ತೆಗೆದು, ಒಂದೊಂದು ಸ್ಕ್ರೂವನ್ನು ಹೊರತೆಗೆದು ನೋಡುವುದು ಮರದ ದೋಣಿಯ ಆರೋಗ್ಯ ತಪಾಸಣೆಯಲ್ಲಿ ಅತಿ ಮುಖ್ಯವಾದದ್ದೆಂದು ನನ್ನ ಅಭಿಪ್ರಾಯ. ಕಂಚಿನದಾದರೆ ಸಾಮಾನ್ಯವಾಗಿ ಹೊಸದರಂತೆಯೇ ಬರುತ್ತದೆ. ಹಿತ್ತಾಳೆಯದಾದರೆ ಸಮುದ್ರದ ನೀರು ಅದರೊಳಗಿನ ಸತುವನ್ನು ತಿಂದು ತಾಮ್ರವನ್ನಷ್ಟೇ ಬಿಟ್ಟಿರುತ್ತದೆ. ತಿರುಗಿಸಿದ ಕೂಡಲೇ ತಲೆ ಮುರಿದು ಬರುತ್ತದೆ, ಮುರಿದ ಮುಖ ಗುಲಾಬಿ ಬಣ್ಣದಲ್ಲಿ ಪುಡಿಪುಡಿಯಾಗಿರುತ್ತದೆ. ಕಬ್ಬಿಣದ್ದಾದರೆ ತುಕ್ಕು ಓಕ್‌ನ ಒಗರಿನೊಂದಿಗೆ ಸೇರಿ ಸುತ್ತಲಿನ ಮರವನ್ನು ಕಪ್ಪಾಗಿಸಿ ಮೆತ್ತಗಾಗಿಸಿರುತ್ತದೆ. ಫೈಬರ್ ಹೊದಿಸಿದ ಮೇಲೆ ಇದಾವುದನ್ನೂ ನೋಡುವ ಹಾಗಿಲ್ಲ. ಬಿರಡೆಯನ್ನು ಮತ್ತೆ ಕೂರಿಸುವಾಗ ಎಪಾಕ್ಸಿ ಎಂಬ ಗಟ್ಟಿ ಅಂಟುರಾಳ ಬಳಸದೆ ವಾರ್ನಿಷ್‌ನಲ್ಲಿ ಅದ್ದಿ ಕೂರಿಸಬೇಕು, ಮುಂದೆ ನೋಡುವವರು ಮರ ಒಡೆಯದೆ ತೆಗೆಯುವಂತಿರಬೇಕು.

ಹಾಗಾದರೆ ಸರಿಯಾದ ದಾರಿ ಯಾವುದು? ಕೆಟ್ಟದ್ದನ್ನು ಕೆಟ್ಟ ಜಾಗದಲ್ಲೇ ಬದಲಿಸುವುದು. ಪಕ್ಕೆಲುಬು ಹೆಚ್ಚಾಗಿ ಮುರಿಯುವುದು ಒಡಲು ತಳದಿಂದ ಬದಿಗೆ ತಿರುಗುವ ಬಾಗಿನಲ್ಲಿ. ಹೊಸ ಓಕ್ ಪಟ್ಟಿಯನ್ನು ಹಬೆಯ ಪೆಟ್ಟಿಗೆಯಲ್ಲಿ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಬೇಯಿಸುತ್ತೇವೆ. ಮರ ಹಸಿಯಾಗಿರಬೇಕು, ಒಲೆಯಲ್ಲಿ ಒಣಗಿಸಿದ್ದು ಬಾಗುವ ಬದಲು ಸೀಳುತ್ತದೆ. ಪೆಟ್ಟಿಗೆಯಿಂದ ಹೊರಬಂದ ಮೇಲೆ ಕೈಯಲ್ಲಿ ಉಳಿಯುವುದು ಅರ್ಧ ನಿಮಿಷ ಅಷ್ಟೇ. ದಪ್ಪ ಕೈಗವಸಿನೊಳಗೂ ಸುಡುವ ಆ ಪಟ್ಟಿಯನ್ನು ಒಬ್ಬರು ಬುಡದಲ್ಲಿ ಕಾಲಿನಿಂದ ಒತ್ತಿ, ಇನ್ನೊಬ್ಬರು ಮೇಲ್ತುದಿಯನ್ನು ಎಳೆದು, ಮೂರನೆಯವರು ಕ್ಲಾಂಪ್ ಬಿಗಿಯುವಷ್ಟರಲ್ಲಿ ಅದು ಮತ್ತೆ ಮರವಾಗಿಬಿಟ್ಟಿರುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಪ್ರಿಯವಾದ ಅರ್ಧ ನಿಮಿಷ ಅದು.

ಇಡೀ ಒಡಲನ್ನು ಒಮ್ಮೆಗೇ ಬಿಚ್ಚಬಾರದು. ಒಂದು ಹಲಗೆ ತೆಗೆದು, ಅದರ ಪಕ್ಕದ್ದನ್ನು ಬಿಟ್ಟು, ಮತ್ತೊಂದು ತೆಗೆಯುತ್ತಾ ಹೋದರೆ ಆಕಾರ ಉಳಿಯುತ್ತದೆ. ದೋಣಿಯನ್ನು ಒಣನೆಲದ ಮೇಲೆ ವರ್ಷಗಟ್ಟಲೆ ಸುಮ್ಮನೆ ನಿಲ್ಲಿಸುವುದೂ ಒಳ್ಳೆಯದಲ್ಲ, ಆಧಾರವಿಲ್ಲದ ತುದಿಗಳು ಜೋತು ಬೀಳುತ್ತವೆ, ಹಲಗೆಗಳು ಒಣಗಿ ಸೀಳುತ್ತವೆ. ಜಾನ್ ಟ್ರಂಪಿ ವಿನ್ಯಾಸಗೊಳಿಸಿ 1925ರಲ್ಲಿ ಕಟ್ಟಲಾದ, 104 ಅಡಿ ಉದ್ದದ ಸೆಕ್ವೋಯಾ ಅಮೆರಿಕದ ಹಲವು ಅಧ್ಯಕ್ಷರು ಓಡಾಡಿದ ಯಾಟ್. ಅಷ್ಟು ಹೆಸರಿದ್ದ ನೌಕೆಯೂ ಮಾಲೀಕತ್ವದ ವ್ಯಾಜ್ಯದ ನಡುವೆ ವರ್ಷಗಳ ಕಾಲ ನೆಲದ ಮೇಲೆ ನಿಂತು ದುಃಸ್ಥಿತಿಗೆ ಇಳಿಯಿತು. 2019ರಲ್ಲಿ ಅದನ್ನು ಬಾರ್ಜ್ ಎಂಬ ಚಪ್ಪಟೆ ಸರಕುದೋಣಿಯ ಮೇಲೆ ಹೊತ್ತು ಮೇನ್ ರಾಜ್ಯಕ್ಕೆ ದುರಸ್ತಿಗಾಗಿ ಸಾಗಿಸಬೇಕಾಯಿತು.

ಫೈಬರ್ ಎಂದರೆ ನನಗೆ ದ್ವೇಷವೇನಿಲ್ಲ. ಪ್ಲೈವುಡ್‌ನ ಡೆಕ್ಕಿಗೂ ಕ್ಯಾಬಿನ್ನಿನ ಮಾಳಿಗೆಗೂ ಎಪಾಕ್ಸಿ ಸಹಿತ ನಾನೇ ಹೊದಿಸಿದ್ದೇನೆ, ಏಕೆಂದರೆ ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈವುಡ್ ಹಲಗೆಯಂತೆ ಹಿಗ್ಗುವುದಿಲ್ಲ. ಡೆಕ್ ಸೋರದಿದ್ದರೆ ಕೆಳಗಿನ ಒಡಲಿಗೂ ಆಯುಸ್ಸು ಹೆಚ್ಚು. ತೆಳು ಪದರಗಳನ್ನು ಅಂಟಿಸಿ ಕಟ್ಟಿದ ಒಡಲಿಗೂ ಅದು ಹೊಂದುತ್ತದೆ. ಹಲಗೆ ಜೋಡಿಸಿದ ಒಡಲಿನ ಸುತ್ತ ಬಹಳ ದಪ್ಪನಾದ ಫೈಬರನ್ನು ಮೊಳೆಗಳ ಸಮೇತ ಬಿಗಿದು ಕೆಲವು ವರ್ಷ ಓಡಿಸಿದವರೂ ಇದ್ದಾರೆ. ಆದರೆ ಅದು ಹಳೆಯ ದೋಣಿಯನ್ನು ಅಚ್ಚಾಗಿ ಬಳಸಿ ಹೊಸ ದೋಣಿಯನ್ನು ಕಟ್ಟಿದಂತೆ. ಅದನ್ನು ಜೀರ್ಣೋದ್ಧಾರವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ 12 ಮೀಟರ್‌ನ ಯಾಟ್‌ನಿಂದ ಫೈಬರನ್ನು ಪೂರ್ತಿ ಸುಲಿದೆವು. ಹೊಸ ಹಲಗೆಗಳು ಬಂದ ಮೇಲೆ ಉಳಿ ಮತ್ತು ಕೊಡತಿ ಹಿಡಿದು ಸಂದು ಸಂದಿಗೆ ಹತ್ತಿ ತುರುಕಿದೆವು. ಹತ್ತಿ ಸರಿಯಾಗಿ ಕೂತಾಗ ಕೊಡತಿಯ ಸದ್ದು ಏರುತ್ತದೆ, ಆ ಸದ್ದನ್ನು ಕೇಳಿಯೇ ನಿಲ್ಲಿಸಬೇಕು, ಅತಿಯಾಗಿ ತುರುಕಿದರೆ ಹಲಗೆಯೇ ಪಕ್ಕೆಲುಬಿನಿಂದ ಎದ್ದುಬಿಡುತ್ತದೆ. ನೀರಿಗಿಳಿಸಿದ ದಿನ ಎತ್ತುವ ಪಟ್ಟಿಗಳನ್ನು ಬಿಚ್ಚದೆ ಹಾಗೆಯೇ ಬಿಟ್ಟು, ಎರಡು ಪಂಪ್ ಹಚ್ಚಿ, ಒಳಗೆ ದೀಪ ಹಿಡಿದು ಕೂತೆವು. ಸಂದುಗಳಿಂದ ನೀರು ಜಿನುಗಿ ಪಕ್ಕೆಲುಬುಗಳ ನಡುವೆ ಹರಿಯುತ್ತಿದ್ದುದನ್ನು ಕಂಡ ಮಾಲೀಕರು ಮಾತೇ ಆಡಲಿಲ್ಲ. ಮೊದಲ ರಾತ್ರಿ ಪಂಪ್ ನಿಲ್ಲಲೇ ಇಲ್ಲ. ಎರಡನೆಯ ದಿನ ಗಂಟೆಗೊಮ್ಮೆ ಓಡಿತು. ನಾಲ್ಕನೆಯ ಬೆಳಿಗ್ಗೆ ಒಳಗೆ ಕೈಯಿಟ್ಟು ನೋಡಿದರೆ ಪ್ರೊಪೆಲ್ಲರ್ ದಂಡದ ಹನಿಗಳ ಹೊರತು ಬೇರೆ ನೀರಿರಲಿಲ್ಲ. ಒಡಲು ತನ್ನ ಆಕಾರಕ್ಕೆ ಬಂದ ಮೇಲೆಯೇ ಎಂಜಿನ್ನನ್ನು ದಂಡಕ್ಕೆ ನೇರವಾಗಿ ಹೊಂದಿಸಿ ಬೋಲ್ಟ್ ಬಿಗಿದೆವು.

ಮುಂದಿನ ಬಾರಿ ದೋಣಿಯನ್ನು ಮೇಲೆತ್ತಿದಾಗ ನೀರಿನ ಮಟ್ಟದ ಕೆಳಗೆ ಪ್ರತಿ ಸಂದಿನಗುಂಟ ಪುಟ್ಟಿ ತೆಳ್ಳಗಿನ ಏಣಿನಂತೆ ಹೊರಕ್ಕೆ ಉಬ್ಬಿ ನಿಂತಿತ್ತು. ಮರ ಎಷ್ಟು ಅಗಲವಾಗಿತ್ತೆಂಬುದನ್ನು ಆ ಏಣು ತೋರಿಸುತ್ತಿತ್ತು. ಉಳಿಯಿಂದ ಅದನ್ನು ಮೈಮಟ್ಟಕ್ಕೆ ಸವರಿ, ಬಣ್ಣ ಹಚ್ಚಿ, ಅದೇ ವಾರ ದೋಣಿಯನ್ನು ಮತ್ತೆ ನೀರಿಗೆ ಬಿಟ್ಟೆವು.