7.6ಕ್ಕೇ ನಿಂತ ಪಿಎಚ್

ಅಕ್ವೇರಿಯಂ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಅಲ್ಲಿಯವರೆಗೆ ಗಪ್ಪಿ, ಗೋಲ್ಡ್‌ಫಿಶ್, ಏಂಜೆಲ್, ಇಷ್ಟೇ ನನ್ನ ಪ್ರಪಂಚ. ಆಗ ಜಯನಗರದ ಒಬ್ಬ ಅಂಕಲ್ ಮನೆಗೆ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಹಾಕಿಕೊಟ್ಟೆವು. ವಾರಕ್ಕೊಮ್ಮೆ ಹೋಗಿ ನೀರು ಟೆಸ್ಟ್ ಮಾಡಿ ಬರೋದು ನನ್ನ ಪಾಲಿಗೆ ಬಂತು.

ಹೊರಡೋ ಗಡಿಬಿಡಿಯಲ್ಲಿ ಶೆಲ್ಫಿನ ಮೇಲಿದ್ದ ಪಿಎಚ್ ಕಿಟ್, ಅಂದ್ರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅಂತ ಬಣ್ಣದಲ್ಲಿ ತೋರಿಸೋದು, ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಅದು ಸಿಹಿನೀರಿನದು. ಪಿಎಚ್ ಅಂದ್ರೆ ಪಿಎಚ್ ಅಲ್ವಾ, ಅದರಲ್ಲೇನು ಬೇರೆ ಬೇರೆ ಅಂದುಕೊಂಡಿದ್ದೆ. ಟ್ಯೂಬಿಗೆ ನೀರು ತುಂಬಿ ಹನಿ ಹಾಕಿದರೆ ಗಾಢ ನೀಲಿ ಬಂತು. ಕಾರ್ಡಿನಲ್ಲಿ ಆ ನೀಲಿಯ ಪಕ್ಕ 7.6 ಅಂತ ಇತ್ತು, ಬರೆದುಕೊಂಡೆ. ಸಮುದ್ರದ ನೀರು 8.1ರಿಂದ 8.4ರ ಒಳಗೆ ಇರಬೇಕು ಅಂತ ಓನರ್ ಹೇಳಿಕೊಟ್ಟಿದ್ದರಲ್ಲ, ಹಾಗಾಗಿ ಪಿಎಚ್ ಏರಿಸೋ ಬಫರ್ ಪುಡಿ ಒಂದು ಚಮಚ ಹಾಕಿ ಬಂದೆ. ಮುಂದಿನ ವಾರ ಮತ್ತೆ 7.6. ಇನ್ನೊಂದು ಚಮಚ. ಮೂರನೇ ವಾರವೂ 7.6! ಅಂಕಲ್ ಪಾಪ, ನಾನು ಹೇಳಿದಂತೆ ದಿನಾ ಸ್ವಲ್ಪ ಸ್ವಲ್ಪ ಪುಡಿ ಹಾಕುತ್ತಾ, ಇನ್ನೊಂದು ಡಬ್ಬಿಯನ್ನೂ ತರಿಸಿಕೊಂಡರು.

ನಾಲ್ಕನೇ ವಾರ ಹೋದಾಗ ಹೀಟರ್ ಮೇಲೆ ಬಿಳಿ ಪದರ ಕಟ್ಟಿತ್ತು. ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಹಿಡಿಯುತ್ತಲ್ಲ, ಥೇಟ್ ಹಾಗೆ. ಉಗುರಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರಿತು. ಫೋಟೋ ಕಳಿಸಿದೆ. ಓನರ್ ಅರ್ಧ ಗಂಟೆಯಲ್ಲಿ ಬೈಕ್ ಹತ್ತಿ ಬಂದೇಬಿಟ್ಟರು.

ಕಿಟ್ ಕೈಗೆ ತಗೊಂಡು ಒಂದೇ ಪ್ರಶ್ನೆ ಕೇಳಿದರು: "ಈ ಕಾರ್ಡಿನಲ್ಲಿ ಕೊನೇ ಬಣ್ಣ ಯಾವುದೋ?"

7.6. ಅದಕ್ಕಿಂತ ಹೆಚ್ಚಿನದಕ್ಕೆ ಬಣ್ಣವೇ ಇಲ್ಲ.

"ಮತ್ತೆ? ಎಂಟಿರಲಿ ಒಂಬತ್ತಿರಲಿ, ನಿನಗೆ ನೀಲೀನೇ ಕಾಣೋದು. ಹತ್ತು ಕೆಜಿ ತಕ್ಕಡೀಲಿ ಅಕ್ಕಿ ಮೂಟೆ ತೂಗಿದ್ದೀಯ."

ಅವರು ತಂದಿದ್ದ ಹೈ ರೇಂಜ್ ಕಿಟ್‌ನಲ್ಲಿ ನೋಡಿದರೆ 8.4 ದಾಟಿತ್ತು. ಕೆಎಚ್, ಅಂದ್ರೆ ಪಿಎಚ್ ಇಳಿಯದಂತೆ ಹಿಡಿದಿಡೋ ಕಾರ್ಬೊನೇಟ್‌ನ ಅಳತೆ, 16. ಸಾಮಾನ್ಯವಾಗಿ ಅದು 8ರಿಂದ 11ರ ಆಸುಪಾಸು ಇರಬೇಕು. ಹೆಚ್ಚಾದ ಪುಡಿಯೆಲ್ಲ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಹೀಟರ್ ಮೇಲೆ ಕೂತಿತ್ತು. ಪುಣ್ಯಕ್ಕೆ ಮೀನು ಇನ್ನೂ ಬಿಟ್ಟಿರಲಿಲ್ಲ, ಬರೀ ಕಲ್ಲು. ನಾಲ್ಕೈದು ಸಲ ನೀರು ಬದಲಾಯಿಸಿ ಸರಿ ಮಾಡಿದೆವು. ಪುಡಿಯ ದುಡ್ಡನ್ನು ಅಂಕಲ್ ಬಿಲ್ಲಿನಿಂದ ತೆಗೆದುಬಿಟ್ಟೆವು.

ಅವತ್ತಿನಿಂದ ಯಾರೇ ಹೊಸದಾಗಿ ಉಪ್ಪುನೀರಿನ ಟ್ಯಾಂಕ್ ಹಾಕ್ತೀನಿ ಅಂತ ಬಂದರೂ, ಕಿಟ್ ಡಬ್ಬಿ ತಿರುಗಿಸಿ ಎಷ್ಟರಿಂದ ಎಷ್ಟರವರೆಗೆ ಅಳೆಯುತ್ತೆ ಅನ್ನೋದನ್ನು ಮೊದಲು ತೋರಿಸುತ್ತೇನೆ. ಆಮೇಲೆ ಎಕ್ಸ್‌ಪೈರಿ ಡೇಟ್. ಮೊದಲ ತಿಂಗಳಿಗೆ ಬೇಕಾಗೋದು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಹೈ ರೇಂಜ್ ಪಿಎಚ್, ಉಪ್ಪು ನೋಡೋಕೆ ಒಂದು ರಿಫ್ರಾಕ್ಟೋಮೀಟರ್, ಅಷ್ಟೇ. ಕಲ್ಲಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡೋಕೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಮೊದಲಿನ ಎರಡೂ ಏರಿ, ಇಳಿದು, ಸೊನ್ನೆಗೆ ಬಂದು ನಿಂತ ಮೇಲೇ ಮೀನು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿಟ್ ಹವಳ ಹಾಕೋವಾಗ ತಗೊಳ್ಳಿ. ಈಗಲೇ ತಂದಿಟ್ಟರೆ ಸುಮ್ನೆ ಡಬ್ಬಿಯಲ್ಲೇ ಡೇಟ್ ಮುಗಿದುಹೋಗುತ್ತೆ. ಹೀಗೆ ಹೇಳಿದ್ದಕ್ಕೆ ಅಂಗಡಿಗೆ ವ್ಯಾಪಾರ ಕಮ್ಮಿ ಆಗಿದ್ದೂ ಉಂಟು, ಆದರೆ ಓನರ್ ಏನೂ ಅಂದಿಲ್ಲ.

ನೀರಲ್ಲಿ ಅದ್ದಿ ಬಣ್ಣ ನೋಡೋ ಟೆಸ್ಟ್ ಸ್ಟ್ರಿಪ್ ನನಗೆ ಇಷ್ಟವಿಲ್ಲ. ಹನಿ ಹಾಕೋ ಕಿಟ್ ಆದರೆ ನೈಟ್ರೇಟಿನ ಎರಡನೇ ಬಾಟಲಿ ಬಗ್ಗೆ ಒಂದು ಮಾತು: ಅದರಲ್ಲಿರೋ ಪುಡಿ ತಳಕ್ಕೆ ಕೂತುಬಿಡುತ್ತೆ. ಮೇಜಿಗೆ ನಾಲ್ಕು ಸಲ ಕುಟ್ಟಿ, ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸದೆ ಹಾಕಿದರೆ ನೈಟ್ರೇಟ್ ಎಷ್ಟಿದ್ದರೂ ಸೊನ್ನೆ ತೋರಿಸಿಬಿಡಬಹುದು.

ಅಂಕಲ್ ಈಗ ತಾವೇ ಟೆಸ್ಟ್ ಮಾಡುತ್ತಾರೆ. ಟ್ಯೂಬ್ ಹಿಡಿದು ಬಾಲ್ಕನಿಗೆ ಹೋಗಿ, ಬಿಳಿ ಹಾಳೆ ಹಿಂದಿಟ್ಟು ಬಣ್ಣ ನೋಡುತ್ತಾರೆ. ಟ್ಯಾಂಕಿನ ನೀಲಿ ಲೈಟಿನ ಕೆಳಗೆ ಅಮೋನಿಯಾದ ಹಳದಿಯೂ ಹಸಿರಾಗಿ ಕಾಣುತ್ತೆ ಅಂತ ಕಂಡುಹಿಡಿದದ್ದು ಅವರೇ, ನಾನಲ್ಲ.