ಕಿಲುಬಿನೊಳಗಿನ ನೂಲು

ಬ್ರಿಟನ್ನಿನ ವಸ್ತುಸಂಗ್ರಹಾಲಯವೊಂದರ ಸಂರಕ್ಷಣಾ ಪ್ರಯೋಗಾಲಯಕ್ಕೆ ಸೇರಿದ ಮೊದಲ ವರ್ಷ, ವೈಕಿಂಗ್ ಕಾಲದ (ಉತ್ತರ ಯುರೋಪಿನ ಕಡಲಯಾನಿಗಳ ಕಾಲ) ಬೆಳ್ಳಿ ಕಡಗದ ತುಂಡೊಂದರ ಮೇಲೆ ಕಟ್ಟಿದ್ದ ಹಸಿರು ಕಿಲುಬನ್ನು ಕೆರೆಯಲು ನಾನು ಸ್ಕಾಲ್ಪೆಲ್ ಹಿಡಿದಿದ್ದೆ. ಹಬ್ಬದ ಮುನ್ನಾದಿನ ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ತಿಕ್ಕುತ್ತ ಬೆಳೆದವನಿಗೆ ಕಿಲುಬೆಂದರೆ ತೆಗೆಯಬೇಕಾದದ್ದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ತಡೆದು, ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಿಸಿದರು. ನಾನು ಕೆರೆದಿದ್ದ ಅಂಚು ಬೋಳಾಗಿತ್ತು. ಅದರ ಪಕ್ಕದಲ್ಲಿ, ಉಗುರಿನಷ್ಟಗಲದ ಜಾಗದಲ್ಲಿ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾದ ನೇಯ್ಗೆಯಿತ್ತು.

ಮಣ್ಣಿನಲ್ಲಿ ಹೂತ ಬಟ್ಟೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಆದರೆ ಬೆಳ್ಳಿಯಲ್ಲಿ ಬೆರೆತ ತಾಮ್ರವು ತೇವಕ್ಕೆ ಕಿಲುಬು ಹಿಡಿದು, ಅದರ ಲವಣಗಳು ಎಳೆಗಳೊಳಗೆ ಇಳಿದರೆ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬಾಳುವೆಯಿಲ್ಲ. ಕೆಲವೊಮ್ಮೆ ನಾರು ಅಳಿದರೂ ಲವಣವೇ ಅದರ ರೂಪವನ್ನು ಹಿಡಿದಿಡುತ್ತದೆ. ಮೊಹೆಂಜೊದಾರೊದ ಹತ್ತಿಬಟ್ಟೆಯ ಚೂರು ನಮಗೆ ಸಿಕ್ಕಿದ್ದೂ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡೇ.

1840ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರಿನ ರಿಬಲ್ ನದಿಯ ದಂಡೆಯನ್ನು ದುರಸ್ತಿ ಮಾಡುತ್ತಿದ್ದ ಕೂಲಿಗಳಿಗೆ ಸಿಕ್ಕ, ವೈಕಿಂಗ್ ಕಾಲದ್ದೇ ಆದ ಕ್ಯೂರ್ಡೇಲ್ ನಿಧಿಯಲ್ಲಿ ಸುಮಾರು 8,600 ವಸ್ತುಗಳು, ಸುಮಾರು 40 ಕಿಲೋ ಬೆಳ್ಳಿ ಇದ್ದವು. 2014ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿಕ್ಕ ಗ್ಯಾಲೊವೇ ನಿಧಿ ತೂಕದಲ್ಲಿ ಅದರ ಮುಂದೆ ಏನೂ ಅಲ್ಲ. ಬೆಳ್ಳಿ ಐದು ಕಿಲೋಗಿಂತ ತುಸು ಹೆಚ್ಚು. ಆದರೂ ನನ್ನ ಕಸುಬಿನವರು ಮತ್ತೆ ಮತ್ತೆ ಮರಳುವುದು ಈ ಎರಡನೆಯದಕ್ಕೆ. ಕ್ರಿ.ಶ. 900ರ ಸುಮಾರಿಗೆ ಹೂತಿಟ್ಟ ಅದರ ಮುಚ್ಚಳದ ಬೆಳ್ಳಿಪಾತ್ರೆಯ ಸುತ್ತ ಬಟ್ಟೆಯ ಸುತ್ತುಗಳು ಉಳಿದಿದ್ದು, ಅವುಗಳಲ್ಲಿನ ಉಣ್ಣೆಯ ಇಂಗಾಲ ಕಾಲಮಾಪನವು 680ರಿಂದ 780ರ ನಡುವಿನ ಅವಧಿಯನ್ನು ಸೂಚಿಸಿತು. ಹೂಳುವಾಗಲೇ ಆ ಬಟ್ಟೆಗೆ ನೂರು ವರ್ಷ ದಾಟಿತ್ತು! ನಿಧಿಯಲ್ಲಿ ರೇಷ್ಮೆಯೂ ಇತ್ತು, ಅದೂ ಪಶ್ಚಿಮದ ಆ ಮೂಲೆಯಲ್ಲಿ.

ಪಾತ್ರೆಯನ್ನು ತಿಕ್ಕಿ ಬೆಳಗಿದ್ದರೆ ಇವೆಲ್ಲ ಹೋಗುತ್ತಿದ್ದವು. ಅಲ್ಲಿನ ಸಂರಕ್ಷಕರು ಬಟ್ಟೆಯನ್ನು ಬಿಚ್ಚದೆ, ಎಕ್ಸ್‌ರೇ ಚಿತ್ರಣದ ಮೂಲಕವೇ ಒಳಗಿನ ಪಾತ್ರೆಯ ಮೇಲಿದ್ದ ಚಿರತೆ, ಹುಲಿ, ಪ್ರಾಚೀನ ಪರ್ಷಿಯಾದ ಜರತುಷ್ಟ್ರ ಧರ್ಮದ ಅಗ್ನಿವೇದಿಕೆಯ ಕೆತ್ತನೆಗಳನ್ನು ಓದಿದರು. ಅದೇ ನಿಧಿಯ ಬೆಳ್ಳಿಶಿಲುಬೆಯ ಮಣ್ಣನ್ನು ಮಾತ್ರ, ಲೋಹ ಗೀರಾಗದಂತೆ ಮುಳ್ಳುಹಂದಿಯ ಮುಳ್ಳನ್ನು ಚೂಪಾಗಿ ಕೆತ್ತಿಕೊಂಡು, ತೆಗೆದರು. ಎಲ್ಲಿ ಕೈ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ವಸ್ತುವೇ ನಿರ್ಧರಿಸಿತ್ತು.

ನನ್ನ ಕಡಗದ ತುಂಡಿನ ದಾಖಲೆಯಲ್ಲಿ ‘ಎಡ ಅಂಚಿನಲ್ಲಿ ನೇಯ್ಗೆ ನಷ್ಟ, ಕಾರಣ: ಶುಚಿಗೊಳಿಸುವಿಕೆ’ ಎಂದು ನಾನೇ ಬರೆದು ಸಹಿ ಹಾಕಿದೆ. ಹೊಸಬರು ಬಂದಾಗ ಮೊದಲು ತೋರಿಸುವುದು ಆ ಪುಟವನ್ನೇ.