ಹತ್ತು ಸೆಂಟ್ಸ್ ಜಾಗದ ವರ್ಗಮೂಲ

ವರ್ಗಮೂಲ ಅಂದ ಕೂಡಲೇ 8ನೇ ತರಗತಿಯ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಬಲಗಡೆಯಿಂದ ಎರಡೆರಡು ಅಂಕಿಯ ಮೇಲೆ ಗೆರೆ ಎಳೆದು ಭಾಗಾಕಾರ ಶುರು ಮಾಡಿಬಿಡುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಯಾಕೆ ಎರಡೆರಡು, ನಡುವೆ ದುಪ್ಪಟ್ಟು ಮಾಡಿದ್ದು ಯಾಕೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. "ಹಾಗೇ ಮಾಡ್ಬೇಕಂತೆ ಟೀಚರ್" ಅನ್ನುವುದೇ ಉತ್ತರ.

ಉಡುಪಿಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುವವಳು ನಾನು. ಈ ಪಾಠವನ್ನು ಜಾಗದಿಂದಲೇ ಶುರು ಮಾಡುತ್ತೇನೆ. ಬೆಂಗಳೂರಿನವರು ಮೂವತ್ತು ನಲವತ್ತು ಸೈಟು ಅನ್ನುತ್ತಾರೆ, ನಮ್ಮ ಕಡೆ ಎಲ್ಲವೂ ಸೆಂಟ್ಸಿನ ಲೆಕ್ಕ. ಅಲ್ಲಿ ಅಳತೆ ಮೊದಲೇ ಗೊತ್ತು, ಗುಣಿಸಿದರೆ ವಿಸ್ತೀರ್ಣ ಬರುತ್ತದೆ. ಇಲ್ಲಿ "ಐದು ಸೆಂಟ್ಸ್ ಜಾಗ ಉಂಟು" ಅಂತ ವಿಸ್ತೀರ್ಣ ಮಾತ್ರ ಹೇಳುತ್ತಾರೆ, ಬದಿ ಎಷ್ಟು ಅಂತ ನಾವೇ ಹುಡುಕಬೇಕು. ವರ್ಗಮೂಲ ಅಂದರೆ ಈ ಹುಡುಕಾಟವೇ ಅಲ್ವಾ?

ಒಂದು ಎಕರೆಗೆ 43,560 ಚದರ ಅಡಿ. ಅದರ ನೂರನೇ ಒಂದು ಭಾಗ ಸೆಂಟ್ಸ್, ಅಂದರೆ 435.6. ಹಾಗಾಗಿ 10 ಸೆಂಟ್ಸ್ ಅಂದರೆ 4356. ಜಾಗ ಸರಿಯಾಗಿ ಚೌಕ ಇದೆ ಅಂತ ಇಟ್ಟುಕೊಳ್ಳಿ. (ನಮ್ಮ ಕಡೆ ಎಲ್ಲಿರುತ್ತದೆ, ಒಂದು ಬದಿಗೆ ತೋಡು, ಇನ್ನೊಂದು ಬದಿಗೆ ಪಕ್ಕದ ಮನೆಯವರ ತೆಂಗಿನಮರ ಬಾಗಿಕೊಂಡಿರುತ್ತದೆ, ಅದು ಬೇರೆ ಕಥೆ.) ಸುತ್ತ ಪಾಗಾರ ಕಟ್ಟಬೇಕು. ಒಂದು ಬದಿ ಎಷ್ಟು ಅಡಿ?

ಇಲ್ಲಿ ಭಾಗಾಕಾರ ಮಾಡಲು ಬಿಡುವುದಿಲ್ಲ. ಮೊದಲು ಅಂದಾಜು. 60ರ ವರ್ಗ 3600, 70ರದ್ದು 4900, ಅಂದರೆ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಪೂರ್ಣ ವರ್ಗವೇ ಆಗಿದ್ದರೆ, ಕೊನೆಯ ಅಂಕಿ 6 ಆದ್ದರಿಂದ 64 ಅಥವಾ 66. ಈಗ 65ರ ವರ್ಗ ನೋಡಿ: ಆರನ್ನು ಅದರ ಮುಂದಿನ ಏಳರಿಂದ ಗುಣಿಸಿ, ಆರು ಏಳಲಿ ನಲವತ್ತೆರಡು, ಅದರ ಪಕ್ಕಕ್ಕೆ 5ರ ವರ್ಗ 25 ಬರೆದರೆ 4225. ನಮ್ಮದು ಅದಕ್ಕಿಂತ ಜಾಸ್ತಿ. ಹಾಗಾದರೆ 66. ಗುಣಿಸಿ ನೋಡಿದರೆ ಸರಿಯಾಗಿ 4356.

ಇಷ್ಟು ಚೊಕ್ಕವಾಗಿ ಬರುವುದು ಸುಮ್ನೆ ಅಲ್ಲ. ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಹೊತ್ತಿಗೆ ಭೂಮಿ ಅಳೆಯಲು ಬಳಕೆಗೆ ತಂದ ಸರಪಳಿಯ ಉದ್ದ 66 ಅಡಿ, ಅಂತಹ ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. 66 ಅಡಿ ಅಂದರೆ 22 ಗಜ. ಕ್ರಿಕೆಟ್ ಪಿಚ್ಚಿನ ಉದ್ದವೂ ಅದೇ. ಇದನ್ನು ಹೇಳಿದ ಕೂಡಲೇ ಅಲ್ಲಿಯವರೆಗೆ ಗೋಡೆಗೆ ಒರಗಿ ಕುಳಿತವರೂ ನೆಟ್ಟಗಾಗುತ್ತಾರೆ. ನಾಲ್ಕು ಬದಿಗೂ ಒಂದೊಂದು ಪಿಚ್ ಇಟ್ಟರೆ ಒಳಗೆ ಹತ್ತು ಸೆಂಟ್ಸ್!

ಆಮೇಲೆ ಭಾಗಾಕಾರ. ಚೌಕದ ಒಂದು ಮೂಲೆಗೆ ತಾಗಿಸಿ 60 ಅಡಿಯ ಚೌಕ ಬರೆಯಿಸುತ್ತೇನೆ. 4356ರಲ್ಲಿ 3600 ಹೋದರೆ 756 ಉಳಿಯಿತು. ಉಳಿದ ಜಾಗ ಎಲ್ಲಿದೆ? ಎರಡು ಬದಿಗೆ 60 ಅಡಿ ಉದ್ದದ ಎರಡು ಪಟ್ಟಿ, ಮೂಲೆಯಲ್ಲಿ ಒಂದು ಪುಟ್ಟ ಚೌಕ. ಪಟ್ಟಿ ಎರಡಿವೆ, ಅದಕ್ಕೇ ದುಪ್ಪಟ್ಟು. 120 ಅಡಿ ಉದ್ದಕ್ಕೆ 6 ಅಡಿ ಅಗಲ ಇಟ್ಟರೆ 720, ಮೂಲೆಯ ಚೌಕ 36, ಅಲ್ಲಿಗೆ 756 ಮುಗಿಯಿತು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಒಂದೇ ಶ್ಲೋಕದಲ್ಲಿ ಹೇಳಿದ ವಿಧಾನದಲ್ಲೂ ಸಿಕ್ಕಿದ ಮೂಲದ ದುಪ್ಪಟ್ಟಿನಿಂದಲೇ ಭಾಗಿಸುವುದು. ಅಂಕಿ ಎರಡೆರಡು ತೆಗೆದುಕೊಳ್ಳುವುದಕ್ಕೆ ಕಾರಣ ಇನ್ನೂ ಸುಲಭ: 10ರ ವರ್ಗ 100, ಒಂದು ಸೊನ್ನೆ ಇದ್ದದ್ದು ಎರಡಾಗುತ್ತದೆ.

ನಿಜವಾದ ಮಜಾ 5 ಸೆಂಟ್ಸಿನಲ್ಲಿ. 10 ಸೆಂಟ್ಸಿಗೆ 66 ಅಡಿ ಆದರೆ 5 ಸೆಂಟ್ಸಿಗೆ? ಎಲ್ಲರೂ ಒಟ್ಟಿಗೆ "33!" ಅಂತ ಕೂಗುತ್ತಾರೆ. ನಾನು ತಪ್ಪು ಅನ್ನುವುದಿಲ್ಲ, 33ರ ವರ್ಗ ಮಾಡಿ ಅನ್ನುತ್ತೇನೆ. 1089 ಬರುತ್ತದೆ, ಅಂದರೆ ಎರಡೂವರೆ ಸೆಂಟ್ಸ್. ಉಳಿದ ಎರಡೂವರೆ ಎಲ್ಲಿಗೆ ಹೋಯಿತು? ಸ್ವಲ್ಪ ಗಲಾಟೆ ಆಗುತ್ತದೆ. ಆಗಲಿ.

ಈಗ ಕಾಗದ ತೆಗೆಯಬೇಕು. ಒಂದು ಅಡಿಗೆ 2 ಮಿಲಿಮೀಟರ್ ಲೆಕ್ಕದಲ್ಲಿ 13.2 ಸೆಂಟಿಮೀಟರಿನ ಚೌಕ ಕತ್ತರಿಸಿ, ನಾಲ್ಕೂ ಮೂಲೆಗಳನ್ನು ನಡುವಿಗೆ ಮಡಿಸುವುದು. ಮಡಿಸಿದ ನಾಲ್ಕು ತ್ರಿಕೋನ ಒಂದರ ಮೇಲೊಂದು ಹತ್ತದೆ, ನಡುವೆ ಸಂದಿಯೂ ಬಿಡದೆ, ಸರಿಯಾಗಿ ಕೂರುತ್ತವೆ. ಅಂದರೆ ಕಾಗದ ಎಲ್ಲ ಕಡೆ ಎರಡು ಪದರ. ಅಂದರೆ ಸಿಕ್ಕಿದ ಚೌಕ ಮೊದಲಿನದರ ಅರ್ಧ. ಅದೇ 5 ಸೆಂಟ್ಸ್! ಸ್ಕೇಲ್ ಇಟ್ಟರೆ ಬದಿ 9.3 ಸೆಂಟಿಮೀಟರಿಗಿಂತ ಒಂದು ಚೂರು ಜಾಸ್ತಿ, ಅಂದರೆ 46 ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ.

ಲೆಕ್ಕದಲ್ಲೂ ನೋಡಬಹುದು. 5 ಸೆಂಟ್ಸ್ ಅಂದರೆ 2178. ಕೊನೆಗೆ 8 ಬಂದಾಗಲೇ ಇದು ಪೂರ್ಣ ವರ್ಗ ಅಲ್ಲ ಅಂತ ಗೊತ್ತಾಗಬೇಕು. 2, 3, 7, 8ರಲ್ಲಿ ಯಾವ ಪೂರ್ಣ ವರ್ಗವೂ ಮುಗಿಯುವುದಿಲ್ಲ. 47 ಅಂತ ಅಂದಾಜು ಮಾಡಿ. 2178ನ್ನು 47ರಿಂದ ಭಾಗಿಸಿದರೆ 46.34. ಒಂದು ಬದಿ 47, ಇನ್ನೊಂದು 46.34 ಇರುವ ಆಯತ ಆಯಿತು, ಚೌಕ ಆಗಬೇಕಾದರೆ ಎರಡರ ಸರಾಸರಿ ತೆಗೆಯಿರಿ: 46.67. ಒಂದೇ ಸಲಕ್ಕೆ ಇಷ್ಟು ಹತ್ತಿರ! ದಶಮಾಂಶ ಬರುವ ಕಡೆ ನನಗೆ ಭಾಗಾಕಾರಕ್ಕಿಂತ ಇದೇ ಇಷ್ಟ. ಪರೀಕ್ಷೆಯಲ್ಲಿ ಹಂತಕ್ಕೆ ಅಂಕ ಇರುವುದರಿಂದ ಅದನ್ನೂ ಕಲಿಸಲೇಬೇಕು, ಏನು ಮಾಡುವುದು.

20ರವರೆಗಿನ ವರ್ಗ ಬಾಯಿಪಾಠ ಬೇಡ ಅನ್ನುವವಳಲ್ಲ ನಾನು. ಅದಿಲ್ಲದಿದ್ದರೆ ಅಂದಾಜೇ ಹುಟ್ಟುವುದಿಲ್ಲ. ಬೇಡ ಅನ್ನುವುದು ಮೊದಲ ದಿನವೇ ಭಾಗಾಕಾರ ತರುವುದನ್ನು.

ಮನೆಗೆಲಸಕ್ಕೆ 22.5, 40 ಮತ್ತು 90 ಸೆಂಟ್ಸ್ ಕೊಡುತ್ತೇನೆ. ಉತ್ತರ 99, 132, 198. ಮೂರೂ 33ರ ಮಗ್ಗಿಯಲ್ಲಿರುವುದನ್ನು ಯಾರಾದರೂ ಒಬ್ಬರು ತಾವಾಗಿ ಗಮನಿಸುತ್ತಾರೆ. ಕೊನೆಗೆ 20 ಸೆಂಟ್ಸ್. ಕೆಲವರು 8712 ಬರೆದು ಭಾಗಾಕಾರಕ್ಕೆ ಇಳಿಯುತ್ತಾರೆ, ಕೆಲವರು 10 ಸೆಂಟ್ಸಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಸ್ಕೇಲ್ ಇಡುತ್ತಾರೆ. ಎರಡು ಗುಂಪಿಗೂ 93 ಅಡಿ ಚಿಲ್ಲರೆ ಸಿಗುತ್ತದೆ.